ಆರನೆಯ ಕಾಲಮ್

ವಿನೋದಿನಿ ಹಾಕಿದ್ದ ಗುರುತು ಅಕ್ಕಿಕಾಳಿನಷ್ಟೂ ದೊಡ್ಡದಿರಲಿಲ್ಲ. ನೀಲಿ ಬಾಲ್‌ಪೆನ್ನಿನ ಒಂದು ರೈಟ್ ಮಾರ್ಕು, ಪಕ್ಕದಲ್ಲಿ ಅವಳ ಹೆಸರಿನ ಮೊದಲ ಅಕ್ಷರ, ಮೂರು ವರ್ಷ ಹಿಂದಿನ ಜುಲೈ ತಿಂಗಳ ತಾರೀಕು. ಲಾಗ್‌ಬುಕ್ಕಿನ ಆ ಪುಟದ ಜೆರಾಕ್ಸನ್ನು ಶಿವಪುತ್ರ ಅವಳ ಮೈಕ್ರೋಸ್ಕೋಪಿನ ಪಕ್ಕದಲ್ಲಿಟ್ಟು, ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟಿದ್ದ.

"ಇಲ್ಲೊಂದ್ ಸಹಿ ಮಾಡಿಬಿಡ್ರಿ ಅಕ್ಕಾ," ಎಂದ. "ಥೀಸಿಸ್ಸಿನ ಹಿಂದ ಹಚ್ಚಬೇಕಂತ. ಅಳತಿ ತಗೊಂಡಾಂವ ನಾನು, ತಪಾಸ ಮಾಡಿದವರು ನೀವು, ಮ್ಯಾಲೆ ಬರದದ್ದೆಲ್ಲಾ ಖರೇ ಐತಿ ಅಂತ. ಅಷ್ಟ."

"ಯಾವಾಗ ಕೊಡ್ಲಿಕ್ಕುಂಟು ಅದು?"

"ಸೋಮವಾರ. ಸೋಮವಾರ ಕೊಡಲಿಲ್ಲಂದ್ರ ನನ್ನ ಹೆಸರ ತಗದ ಒಗೀತಾರ. ಏಳು ವರ್ಷ ಆತಲ್ರಿ."

"ಕೈಯಲ್ಲಿ ಬೆಳ್ಳಿ ಪೇಸ್ಟ್ ಉಂಟು ಮಾರಾಯ. ಇಟ್ಟು ಹೋಗು, ನಾಳೆ ಮಾಡಿ ಕೊಡ್ತೇನೆ."

ಅವಳ ಕೈಯಲ್ಲಿ ಪೇಸ್ಟ್ ಇರಲಿಲ್ಲ. ಶಿವಪುತ್ರ ನೋಡಲಿಲ್ಲ. ಈಚೆಗೆ ಅವನು ಯಾರ ಕೈಯನ್ನೂ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದಾಗ ಇಪ್ಪತ್ತೈದು ವರ್ಷದವನು, ಊರಿನಿಂದ ಕಟ್ಟಿ ತಂದ ಶೇಂಗಾ ಚಟ್ನಿಯನ್ನು ಇಡೀ ಪ್ರಯೋಗಾಲಯಕ್ಕೆ ತಿನ್ನಿಸಿದವನು. ಈಗ ಮೂವತ್ತೆರಡು. ನೆತ್ತಿ ತೆಳ್ಳಗಾಗಿತ್ತು. ಬೆಲ್ಟಿಗೆ ತಾನೇ ಮೊಳೆಯಿಂದ ಎರಡು ತೂತು ಹೊಡೆದುಕೊಂಡಿದ್ದ.

"ಥೀಸಿಸ್ ಒಂದು ಮುಗೀಲಿ," ಎಂದ. "ಜಪಾನಿನ ಲ್ಯಾಬಿನ ಅವ್ವ ಎರಡು ವರ್ಷಕ್ಕ ಬಾ ಅಂದಾಳ. ಅಲ್ಲೇ ಕುಂತು ನಲವತ್ತೊಂದನೇ ಹರಳನ್ನ ಇನ್ನೊಮ್ಮೆ ಮಾಡೇ ಬರತೀನಿ. ನನ್ನ ಕೈಯಾಗ ಒಮ್ಮೆ ಬಂದದ್ದು ಇನ್ನೊಮ್ಮೆ ಯಾಕ ಬರಂಗಿಲ್ಲ, ಹೇಳ್ರಿ?"

ವಿನೋದಿನಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ತಿರುಪು ತಿರುಗಿಸಿದಳು. ಕೆಳಗೆ ಖಾಲಿ ಗಾಜು ಮಾತ್ರ ಇತ್ತು.

ಮುಂಬೈಯ ದಾದರ್ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಹಳೆಯ ಗಿರಣಿಯೊಂದರ ಕಟ್ಟಡದಲ್ಲಿ ಅವರ ಸಂಸ್ಥೆ. ಅಲ್ಲಿ ವಿನೋದಿನಿ ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಳು. ಎಳ್ಳಿಗಿಂತ ತುಸು ದೊಡ್ಡ ಕಪ್ಪು ಹರಳುಗಳ ಮೇಲೆ, ಕೂದಲಿಗಿಂತ ಸಣ್ಣ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಪೇಸ್ಟಿನಿಂದ ಅಂಟಿಸುವುದು. ಅವಳ ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಕನ್ನಡಿಯ ಮೇಲೆ ದಿನದ ಸ್ಪೆಷಲ್ ಬರೆಯುತ್ತಿದ್ದವರು; ಸಣ್ಣ ಕುಂಚ ಹಿಡಿಯುವ ಕೈ ಅವರಿಂದ ಬಂದದ್ದು. ಆ ಕೈಗೆ ಸಂಸ್ಥೆಯಲ್ಲಿ ಹೆಸರಿತ್ತು. ವಿನೋದಿನಿ ಅಂಟಿಸಿದ ತಂತಿ ಬಿಡುವುದಿಲ್ಲ ಎಂದು ನಿರ್ದೇಶಕ ಹಿತೇಶ್ ಸರ್ ಹೊರಗಿನವರೆದುರು ಹೇಳುತ್ತಿದ್ದರು.

ಕೆಲವು ವಸ್ತುಗಳನ್ನು ಸಾಕಷ್ಟು ತಣ್ಣಗೆ ಮಾಡಿದರೆ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ, ಒಂದಿಷ್ಟೂ ಬಿಸಿಯಾಗಿ ಪೋಲಾಗುವುದಿಲ್ಲ. ಅತಿವಾಹಕಗಳೆಂದು ಅವುಗಳ ಹೆಸರು. ತೊಂದರೆಯೆಂದರೆ ಆ ತಣ್ಣಗೆ ಎಂಬುದು ವಿಪರೀತ ತಣ್ಣಗೆ. ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ಹಾಗಾಗುವ ವಸ್ತು ಸಿಕ್ಕೀತೇ ಎಂದು ಹುಡುಕುವವರಲ್ಲಿ ಈ ಸಂಸ್ಥೆಯವರೂ ಸೇರಿದ್ದರು. ದ್ರವ ಸಾರಜನಕದ ಡಬ್ಬಿ ತಳ್ಳಿಕೊಂಡು ಬರುವ ಮೋನಪ್ಪನಿಗೆ ಇದು ಮುಗಿಯದ ತಮಾಷೆ. "ಮೈನಸ್ ನೂರಿಪ್ಪತ್ತಕ್ಕೆ ಹೈ ಟೆಂಪರೇಚರ್ ಅಂತೆ! ನಿಮ್ಮನ್ನೆಲ್ಲ ಒಮ್ಮೆ ಮೇ ತಿಂಗಳಲ್ಲಿ ವಿರಾರ್ ಲೋಕಲ್ಲಿಗೆ ಹತ್ತಿಸ್ಬೇಕು ಮಾರ್ರೆ, ಆಗ ಗೊತ್ತಾಗ್ತದೆ."

ಹರಳಿನ ನಾಲ್ಕು ತಂತಿಗಳಲ್ಲಿ ಹೊರಗಿನ ಎರಡರಲ್ಲಿ ವಿದ್ಯುತ್ತು ಹೋಗಿ ಬರುತ್ತದೆ. ಒಳಗಿನ ಎರಡು ತಂತಿಗಳು ಎಷ್ಟು ತಡೆಯಿದೆಯೆಂದು ಮೀಟರಿಗೆ ತಿಳಿಸುತ್ತವೆ. ತಡೆ ಸೊನ್ನೆಗೆ ಬಿದ್ದರೆ ಅತಿವಾಹಕ. ಆದರೆ ಚಳಿಗೆ ಸೆಟೆದು ಒಳಗಿನ ತಂತಿ ಬಿಟ್ಟುಹೋದರೂ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಅದಕ್ಕೆ ಏನೂ ಕೇಳಿಸುತ್ತಿಲ್ಲ, ಅಷ್ಟೇ. ಹೀಗೆ ಮೋಸ ಹೋಗಬಾರದೆಂದು ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಸೊನ್ನೆ ಕಂಡ ಕೂಡಲೇ, ಹರಳು ತಣ್ಣಗಿರುವಾಗಲೇ, ತಂತಿಗಳು ಬಂದು ಸೇರುವ ಹೊರಗಿನ ಪೆಟ್ಟಿಗೆಯಲ್ಲಿ ಒಳತಂತಿ ಹೊರತಂತಿಗಳನ್ನು ಅದಲುಬದಲು ಮಾಡಿ ಮೂರು ತಾಪಮಾನಗಳಲ್ಲಿ ಮತ್ತೆ ಅಳೆಯಬೇಕು. ಅಳತೆ ಮಾಡಿದವರು ಇದನ್ನು ಮಾಡುವಂತಿಲ್ಲ, ಬೇರೊಬ್ಬರು ಮಾಡಬೇಕು. ಮುಕ್ಕಾಲು ಗಂಟೆಯ ಕೆಲಸ. ಆದ ಮೇಲೆ ಲಾಗ್‌ಬುಕ್ಕಿನ ಆರನೆಯ ಕಾಲಮ್ಮಿನಲ್ಲಿ ಗುರುತು ಹಾಕಬೇಕು.

ನಲವತ್ತೊಂದನೆಯ ಹರಳಿನ ಸಾಲಿನಲ್ಲಿ ಆ ಗುರುತು ಇತ್ತು. ಕೆಲಸ ಆಗಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಸಂಜೆ ಸಮುದ್ರದ ದೊಡ್ಡ ಉಬ್ಬರ ಇದೆಯೆಂದು, ಬೇಗ ಮನೆ ಸೇರಿಕೊಳ್ಳಿ ಎಂದು ಮೊಬೈಲಿಗೆ ಸೂಚನೆ ಬರುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಂಸ್ಥೆ ಖಾಲಿ. ಶಿವಪುತ್ರ ಮಾತ್ರ ಗೋಗರೆದಿದ್ದ. ಇವತ್ತೇ ಸಾರಜನಕ ಬಂದಿದೆ, ನಾಳೆ ರಜೆ ಕೊಟ್ಟರೆ ಹರಳು ಹವೆಗೆ ಕೆಡುತ್ತದೆ, ಬರೀ ತಂತಿ ಅಂಟಿಸಿ ಕೊಡ್ರಿ ಅಕ್ಕಾ. ಪೇಸ್ಟು ದೀಪದಡಿ ಒಣಗಲು ಇಡೀ ರಾತ್ರಿ ಬೇಕು. ವಿನೋದಿನಿ ಇಪ್ಪತ್ತು ನಿಮಿಷ ಕೊಟ್ಟಳು. ಕಿಟಕಿಯ ಹೊರಗೆ ನೀರು ಫುಟ್‌ಪಾತ್ ಹತ್ತಿತ್ತು. ಗಂಡ ಖಾಡಿ ಸೇತುವೆಯ ಆಚೆ ವಾಶಿಯ ಗೋದಾಮಿನಲ್ಲಿ ಶಿಫ್ಟಿನಲ್ಲಿದ್ದ. ಮೂರನೆಯ ಕ್ಲಾಸಿನ ಮಗಳು ಯಕ್ಷಿತಾ ಸಯನ್‌ನ ಸ್ಕೂಲಿನಲ್ಲಿ.

ಮೂರೂ ನಲವತ್ತಕ್ಕೆ ಪರದೆಯ ಮೇಲಿನ ಗೆರೆ ನೂರ ಐವತ್ತಮೂರು ಕೆಲ್ವಿನ್ನಿನಲ್ಲಿ, ಎಂದರೆ ಮೈನಸ್ ನೂರಿಪ್ಪತ್ತು ಡಿಗ್ರಿಯಲ್ಲಿ, ನೆಟ್ಟಗೆ ಸೊನ್ನೆಗೆ ಬಿತ್ತು. ಶಿವಪುತ್ರ ಕುರ್ಚಿ ಬೀಳಿಸಿ ಎದ್ದ. "ಅಕ್ಕಾ! ಅಕ್ಕಾ ನೋಡ್ರಿ!" ಎಂದು ಕೂಗಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿತೇಶ್ ಸರ್ ಕೋಣೆಗೆ ಓಡಿದ. ಓಡುತ್ತಲೇ, "ತಂತಿ ಅದಲಬದಲ ಮಾಡಿಬಿಡ್ರೀ," ಎಂದ.

ಆಗಲೇ ಸ್ಕೂಲಿನಿಂದ ಫೋನ್. ನಿಮ್ಮ ಮಗಳೊಬ್ಬಳೇ ಉಳಿದಿದ್ದಾಳೆ, ವಾಚ್‌ಮನ್ ಗೇಟು ಹಾಕಬೇಕು, ನೀರು ಒಳಗೆ ಬರುತ್ತಿದೆ. ವಿನೋದಿನಿ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಮುಕ್ಕಾಲು ಗಂಟೆ. ಅಷ್ಟರಲ್ಲಿ ಸೆಂಟ್ರಲ್ ಲೈನಿನ ರೈಲು ನಿಲ್ಲುತ್ತದೆ. ನಾಳೆ ಬೆಳಿಗ್ಗೆ ಬಂದು ಮಾಡಿದರಾಯ್ತು, ಹರಳು ತಣ್ಣಗೇ ಇರುತ್ತದೆ ಎಂದುಕೊಂಡಳು. ಕಾಲಮ್ಮು ಖಾಲಿ ಬಿಟ್ಟರೆ ಹಿತೇಶ್ ಸರ್ ಬಂದು ಎಲ್ಲಿ ಎಂದು ಕೇಳುತ್ತಾರೆ, ಹಿಡಿದು ನಿಲ್ಲಿಸುತ್ತಾರೆ. ಗುರುತು ಹಾಕಿ, ಬ್ಯಾಗು ತಲೆಯ ಮೇಲಿಟ್ಟುಕೊಂಡು ಇಳಿದಳು.

ಲೈನು ಆಗಲೇ ನಿಂತಿತ್ತು. ನೀರಿನಲ್ಲೇ ನಡೆದು ಹೊರಟಳು. ಹಿಂದ್‌ಮಾತಾದಲ್ಲಿ ಮೊಣಕಾಲು, ಕಿಂಗ್ಸ್ ಸರ್ಕಲ್‌ನಲ್ಲಿ ಸೊಂಟ. ಸಯನ್ ಮುಟ್ಟಿದಾಗ ಎಂಟೂವರೆ. ಅವಳು ದಾದರ್ ದಾಟುವ ಮೊದಲೇ ಅವರದೇ ಬಿಲ್ಡಿಂಗಿನ ಇಂದ್ರಾಬಾಯಿ ಮಗುವನ್ನು ಮನೆಗೆ ಕರೆದುಕೊಂಡು ಬಂದಾಗಿತ್ತು.

ಎರಡು ದಿನ ರೈಲಿರಲಿಲ್ಲ. ಮೂರನೆಯ ದಿನ ಬಂದಾಗ ಪ್ರಯೋಗಾಲಯದಲ್ಲಿ ಪೇಢೆಯ ಪೆಟ್ಟಿಗೆ ತೆರೆದಿತ್ತು. ಹರಳನ್ನು ಹೊರಗೆ ತೆಗೆದು ಅಸಿಟೋನಿನಲ್ಲಿ ತೊಳೆದು, ಜಪಾನಿಗೂ ಜರ್ಮನಿಗೂ ಕಳಿಸಲು ಚೂರು ಮಾಡಿದ್ದರು.

"ತೆಗೆಯುವಾಗ ನಾಲ್ಕೂ ತಂತಿ ಇತ್ತಾ?" ಎಂದು ಅವಳು ಕೇಳಿದ್ದಳು.

"ಒಂದು ಕಿತ್ತ ಬಂತ್ರಿ. ಒಳಗಿಂದು. ತಗಿಯೂಮುಂದ ಕೈ ತಾಕಿರಬೇಕು. ಪೇಢೆ ತಗೋರಿ ಅಕ್ಕಾ, ಎರಡು ತಗೋರಿ."

ಅವಳು ಎರಡು ತೆಗೆದುಕೊಂಡಳು.

ಆ ದಿನ ಬಾಯಿ ಬಿಟ್ಟಿದ್ದರೆ ಅದು ಒಂದು ತಪ್ಪಾಗುತ್ತಿತ್ತು. ಹಿತೇಶ್ ಸರ್ ಬೈಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮುಂದಿನ ಹರಳಿಗೆ ಕಾದಳು. ಮುಂದಿನದರಲ್ಲಿ ಸೊನ್ನೆ ಬಂದರೆ ಇದೂ ನಿಜವೇ ಆಗುತ್ತದೆ, ಹೇಳುವ ಅಗತ್ಯವೇ ಬೀಳುವುದಿಲ್ಲ. ನಲವತ್ತೆರಡು ಬಂತು, ಐವತ್ತು ಬಂತು, ನೂರು ದಾಟಿತು. ಯಾವುದರಲ್ಲೂ ಇಲ್ಲ. ನಲವತ್ತೊಂದರ ಚೂರುಗಳಲ್ಲೂ ಇಲ್ಲ. ಅದಕ್ಕೆ ಕಾರಣ ಸಿಕ್ಕಿತ್ತು: ನೆರೆಯ ಎರಡು ದಿನ ಕರೆಂಟಿಲ್ಲದೆ, ಹರಳುಗಳಿಗೆ ತೇವ ತಾಗದಂತೆ ಇಡುವ ಒಣಪೆಟ್ಟಿಗೆ ನಿಂತಿತ್ತು, ಮುಂಬೈಯ ತೇವ ಹರಳನ್ನು ತಿಂದುಹಾಕಿದೆ. ಪಾಪಡ್ ಮೆತ್ತಗಾಗುವ ಊರು. ಎಲ್ಲರೂ ಒಪ್ಪಿದರು. ಒಣಪೆಟ್ಟಿಗೆಯೊಳಗಿನ ತೇವ ಹೀರುವ ನೀಲಿ ಕಾಳುಗಳು ತೇವಕ್ಕೆ ಗುಲಾಬಿಯಾಗಿದ್ದನ್ನು ಶಿವಪುತ್ರ ಫೋಟೋ ತೆಗೆದು ಇಟ್ಟುಕೊಂಡಿದ್ದ, ಸತ್ತವರ ಫೋಟೋ ಇಟ್ಟುಕೊಂಡ ಹಾಗೆ.

ಹಿತೇಶ್ ಸರ್ ಅವಸರದವರಲ್ಲ. ಇನ್ನೊಂದು ಹರಳಿನಲ್ಲಿ ಕಾಣುವ ತನಕ ಪ್ರಕಟಿಸುವುದಿಲ್ಲ ಎಂದರು. ಆದರೆ ಆ ಒಂದು ಗೆರೆಯ ಬಲದ ಮೇಲೆ ನಾಲ್ಕು ಕಡೆಯವರು ಸೇರಿ ದೊಡ್ಡ ಯೋಜನೆಯೊಂದು ಶುರುವಾಯಿತು. ಗುರುವಾರ ಮಧ್ಯಾಹ್ನ ಎಲ್ಲರೂ ಪರದೆಯ ಮೇಲೆ ಸೇರುತ್ತಿದ್ದರು. ಧಾರವಾಡದ ರಾಮಪ್ಪ ಸರ್ ಸರಿಯಾಗಿ ನೂರ ಐವತ್ತಮೂರರಲ್ಲೇ ಯಾಕೆ ಹಾಗಾಗಬೇಕೆಂದು ನಲವತ್ತು ಪುಟದ ಗಣಿತ ಬರೆದು ತೋರಿಸಿದರು. ಜರ್ಮನಿಯವರು ಹರಳಿನ ಚೂರನ್ನು ಪರೀಕ್ಷಿಸಲು ದೊಡ್ಡ ಯಂತ್ರದ ಸರದಿಗೆ ಕಾದರು. ಜಪಾನಿನ ತಂಡದ ಮುಖ್ಯಸ್ಥೆ ಅರವತ್ತು ದಾಟಿದ ಹೆಂಗಸು. ಶಿವಪುತ್ರ ಅವಳನ್ನು ಜಪಾನಿನ ಅವ್ವ ಎನ್ನುತ್ತಿದ್ದ. ಮೂರು ವರ್ಷದಲ್ಲಿ ಅವಳು ಇನ್ನೂರ ಹನ್ನೆರಡು ಹರಳು ಬೆಳೆಸಿದಳು. ಪ್ರತಿ ಸಲವೂ ತಲೆ ಬಾಗಿಸಿ, "ಈ ಸಲವೂ ಆಗಲಿಲ್ಲ. ನಮ್ಮ ಕೈಯಲ್ಲಿ ಏನೋ ಕೊರತೆ ಇದೆ, ಕ್ಷಮಿಸಿ," ಎನ್ನುತ್ತಿದ್ದಳು. ವಿನೋದಿನಿ ಕ್ಯಾಮರಾಗೆ ಕಾಣದ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು.

ಶಿವಪುತ್ರನೂ ತನ್ನ ಕೈಯನ್ನೇ ದೂರಿದ. ಅರೆಯುವ ಕಲ್ಲು ಬದಲಿಸಿದ, ಕುಲುಮೆ ಬದಲಿಸಿದ, ಅವತ್ತು ಹಾಕಿಕೊಂಡಿದ್ದ ಅಂಗಿಯನ್ನೇ ಹಾಕಿಕೊಂಡು ಬಂದ. ಊರಿನಲ್ಲಿ ಸೌಮ್ಯಾ ಎಂಬ ಹುಡುಗಿಯೊಂದಿಗೆ ಮಾತಾಗಿತ್ತು. ಎರಡು ವರ್ಷ ಕಾದು ಅವಳು ಬೇರೆ ಮದುವೆಯಾದಳು. "ಒಳ್ಳೇದಾತ್ರಿ," ಎಂದಿದ್ದ, "ಇನ್ನ ಭಾನುವಾರನೂ ಲ್ಯಾಬಿಗೆ ಬರಬಹುದು." ಅಂಥ ದಿನಗಳಲ್ಲಿ ವಿನೋದಿನಿ ಡಬ್ಬಿಯಲ್ಲಿ ಎರಡು ನೀರ್‌ದೋಸೆ ಹೆಚ್ಚು ತರುತ್ತಿದ್ದಳು. ಅವಳಿಂದ ಆದದ್ದು ಅಷ್ಟು.

ಈಗ ಶುಕ್ರವಾರ ಸಂಜೆ ಜೆರಾಕ್ಸ್ ಹಾಳೆ ಅವಳ ಬ್ಯಾಗಿನಲ್ಲಿತ್ತು. ಸಹಿ ಹಾಕಿದರೆ ಅವನು ಡಾಕ್ಟರಾಗುತ್ತಾನೆ, ಆದ ಮೇಲೆ ಇಲ್ಲದ್ದನ್ನು ಹುಡುಕಲು ಇನ್ನೂ ಎರಡು ವರ್ಷ ಜಪಾನಿಗೆ ಹೋಗುತ್ತಾನೆ. ಹಾಕದಿದ್ದರೆ ಥೀಸಿಸ್ಸಿನಲ್ಲಿ ನಲವತ್ತೊಂದರ ಮೇಲೆ ನಿಂತ ನಾಲ್ಕನೆಯ ಅಧ್ಯಾಯ ಇಲ್ಲ. ಅದಿಲ್ಲದೆ ಥೀಸಿಸ್ಸೇ ಇಲ್ಲ. ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಯಾರದೋ ಒದ್ದೆ ಕೊಡೆ ಅವಳ ಸೀರೆಗೆ ತೊಟ್ಟಿಕ್ಕುತ್ತಿತ್ತು. ಸಯನ್ ಬಂದದ್ದು ತಿಳಿಯದೆ ಕುರ್ಲಾ ತನಕ ಹೋಗಿ ತಿರುಗಿ ಬಂದಳು.

ಯಕ್ಷಿತಾ ಊಟದ ಮೇಜಿನ ಮೇಲೆ ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಳು. ಈಗ ಆರನೆಯ ಕ್ಲಾಸು.

"ಯಕ್ಷಿ, ನೀನು ಥರ್ಡಲ್ಲಿದ್ದಾಗ ನೀರು ತುಂಬಿತ್ತಲ್ಲ, ನಾನು ನಡ್ಕೊಂಡು ಬಂದೆ. ನೆನಪುಂಟಾ?"

"ಕೌನ್‌ಸಾ ನೀರು? ಎವ್ರಿ ಇಯರ್ ತುಂಬ್ತದೆ."

"ಸ್ಕೂಲಿಂದ ಫೋನ್ ಬಂದಿತ್ತು. ನೀನೊಬ್ಬಳೇ ಉಳಿದಿದ್ದೀ ಅಂತ."

ಮಗಳು ಬಣ್ಣದ ಪೆನ್ಸಿಲ್ಲನ್ನು ಗಲ್ಲಕ್ಕೆ ಒತ್ತಿ ಯೋಚಿಸಿದಳು. "ಒಬ್ಬಳೇ ಇಲ್ಲ ಅಮ್ಮಾ. ಇಂದ್ರಾ ಆಂಟಿ ಇದ್ರು ನಾ? ಅವರ ಪ್ರೀತಮ್ ಇದ್ದ. ಮ್ಯಾಗಿ ತಿಂದದ್ದು ಅದೇ ದಿನವಾ? ಮಸ್ತ್ ಇತ್ತು." ಮತ್ತೆ ಬಗ್ಗಿ ಅರಬ್ಬಿ ಸಮುದ್ರಕ್ಕೆ ನೀಲಿ ತುಂಬತೊಡಗಿದಳು. "ಯಾಕೆ ಕೇಳಿದ್ದು?"

"ಸುಮ್ನೆ."

ವಿನೋದಿನಿ ಒಲೆಯ ಕಡೆ ತಿರುಗಿದಳು. ಮಗುವಿಗೆ ಒಂದಿಷ್ಟು ಹೆದರಿಕೆಯಾದರೂ ನೆನಪಿದ್ದಿದ್ದರೆ ಎಂದು ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಶನಿವಾರ ಅರ್ಧ ದಿನ. ಪ್ರಯೋಗಾಲಯದಲ್ಲಿ ಶಿವಪುತ್ರ ಒಬ್ಬನೇ ಥೀಸಿಸ್ಸಿನ ಪುಟಗಳನ್ನು ಜೋಡಿಸುತ್ತಿದ್ದ. ವಿನೋದಿನಿ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಹೇಳಿದಳು.

"ಶಿವಪುತ್ರ, ಅವತ್ತು ನಾನು ತಂತಿ ಅದಲುಬದಲು ಮಾಡ್ಲಿಲ್ಲ."

"ಯಾವತ್ತರೀ?"

"ನಲವತ್ತೊಂದರ ದಿನ."

ಅವನು ನಕ್ಕ. "ಗುರುತ ಹಾಕೀರಲ್ರಿ."

"ಹಾಕಿದೆ. ಮಾಡ್ಲಿಲ್ಲ. ಸ್ಕೂಲಿಂದ ಫೋನ್ ಬಂತು, ಓಡಿದೆ. ಪೇಸ್ಟೂ ಒಣಗಿರ್ಲಿಲ್ಲ. ಇಪ್ಪತ್ತೇ ನಿಮಿಷ ಇಟ್ಟದ್ದು."

ಶಿವಪುತ್ರ ಪುಟಗಳನ್ನು ಮೇಜಿನ ಮೇಲೆ ತಟ್ಟಿ ಅಂಚು ಸರಿ ಮಾಡಿದ. ಮತ್ತೊಮ್ಮೆ ತಟ್ಟಿದ. "ಬ್ಯಾಡ್ರಿ ಅಕ್ಕಾ. ಸೋಮವಾರ ಐತಿ. ಇಂಥಾ ಚ್ಯಾಷ್ಟಿ ಮಾಡಬ್ಯಾಡ್ರಿ."

ಅವಳು ಜೆರಾಕ್ಸ್ ಹಾಳೆಯನ್ನು ಬ್ಯಾಗಿನಿಂದ ತೆಗೆದು, ಸಹಿಯಿಲ್ಲದೆಯೇ, ಅವನ ಮುಂದಿಟ್ಟಳು. ಅವನು ಮೊದಲ ಸಲ ಅವಳ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ.

"ಮೂರು ವರ್ಷ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ನಾ ಇಲ್ಲೇ ಕುಂದರತಿದ್ದೆ," ಎಂದ. ತನ್ನ ಕುರ್ಚಿಯನ್ನು ಬೇರೆ ಯಾರದೋ ಎಂಬಂತೆ ತೋರಿಸಿದ. "ನೀವು ಅಲ್ಲಿ. ನಂಗ ಡಬ್ಬಿಯಾಗಿಂದು ದೋಸಿ ಕೊಡತಿದ್ರಿ."

"ಹೌದು."

"ದೋಸಿ ಕೊಡೂಮುಂದೂ ಗೊತ್ತಿತ್ತು."

ಅವನು ಎದ್ದು ಕಿಟಕಿಯ ತನಕ ಹೋಗಿ ತಿರುಗಿ ಬಂದ. ದನಿ ಏರಿತು. "ತಂತಿ ಬಿಟ್ಟಿತ್ತು ಅಂತ ನೀವು ಕಣ್ಣಿಲೆ ನೋಡೀರೇನು? ಇಲ್ಲಲ್ಲ? ನೀವು ತಪಾಸ ಮಾಡಲಿಲ್ಲ ಅಂದಕೂಡ್ಲೇ ಸುಳ್ಳ ಆಗತೈತೇನು? ಖರೇನೂ ಇರಬಹುದು. ರಾಮಪ್ಪ ಸರ್ ಲೆಕ್ಕ ಕೂಡಿ ಬಂದೈತಿ. ನಿಮಗೇನ ಗೊತ್ತು? ನೀವು ತಂತಿ ಹಚ್ಚವರು!"

"ತಂತಿಯದ್ದು ಮಾತ್ರ ಗೊತ್ತು," ಎಂದಳು ವಿನೋದಿನಿ. "ಒಂದು ಹರಳು ಕೊಡು. ತೋರಿಸ್ತೇನೆ."

ಒಣಪೆಟ್ಟಿಗೆಯಿಂದ ಅವನು ನಲವತ್ತನೆಯದನ್ನು ತೆಗೆದುಕೊಟ್ಟ. ಅದೇ ಕುಲುಮೆಯದು, ನಲವತ್ತೊಂದರ ಜೊತೆಯಲ್ಲೇ ಬೆಳೆದದ್ದು. ಮೂರು ಸಲ ಅಳೆದಿದ್ದರು. ತಣ್ಣಗಾಗುತ್ತ ಹೋದಂತೆ ತಡೆ ಮೆಲ್ಲಗೆ ಇಳಿಯುತ್ತದೆ, ಎಂದೂ ಸೊನ್ನೆಯಾಗುವುದಿಲ್ಲ. ಯಾವ ಸಂಶಯವೂ ಇಲ್ಲದ ಸಾಧಾರಣ ಹರಳು.

"ಅವತ್ತ ಹೆಂಗ ಮಾಡಿದ್ರಿ ಹಂಗ ಮಾಡ್ರಿ," ಎಂದ. "ಒಂದ್ ಕೂದಲೆಳಿನೂ ಹೆಚ್ಚುಕಡಿಮಿ ಮಾಡಬ್ಯಾಡ್ರಿ."

ಅದು ಸುಲಭವಾಗಲಿಲ್ಲ. ಅವಳ ಕೈಗೆ ಕೆಟ್ಟದಾಗಿ ಅಂಟಿಸಿ ಗೊತ್ತಿರಲಿಲ್ಲ. ಮೊದಲ ಸಲ ತಂತಿ ತಾನಾಗಿಯೇ ಸರಿಯಾಗಿ ಕೂತುಬಿಟ್ಟಿತು, ಕಿತ್ತು ತೆಗೆದಳು. ಕಿಟಕಿಯ ಹೊರಗೆ ಏರುವ ನೀರನ್ನು, ಸ್ಕೂಲಿನ ಗೇಟನ್ನು, ನಿಂತುಹೋಗಲಿರುವ ಲೈನನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು, ಅದೇ ಹೆದರಿಕೆಯಲ್ಲಿ, ಅದೇ ದಪ್ಪ ಪೇಸ್ಟಿನಿಂದ, ಎರಡನೆಯ ಸಲ ಅಂಟಿಸಿದಳು. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟರು. ಇಬ್ಬರೂ ಪೇಸ್ಟು ಒಣಗಿಸುವ ದೀಪವನ್ನು ನೋಡುತ್ತ ಕೂತರು.

ಮೋನಪ್ಪ ಸಾರಜನಕದ ಡಬ್ಬಿ ತಳ್ಳಿಕೊಂಡು ಬಂದ. "ಶನಿವಾರವೂ ಬಿಡುವುದಿಲ್ಲ ನೀವು! 'ಹೈ ಟೆಂಪರೇಚರ್' ಇವತ್ತಾದ್ರೂ ಸಿಗ್ತದಾ?" ಎಂದ. ಯಾರೂ ನಗಲಿಲ್ಲ. ಅವನು ಇಬ್ಬರ ಮುಖವನ್ನೂ ನೋಡಿ, ಡಬ್ಬಿಯ ಮೂತಿಗೆ ಕೊಳವೆ ಸಿಕ್ಕಿಸಿ ಕೊಟ್ಟು, "ಆಮೇಲೆ ಬರ್ತೇನೆ ವಿನೋದಿನಕ್ಕ," ಎಂದು ಮೆತ್ತಗೆ ಹೋದ.

ಗೆರೆ ಇಳಿಯತೊಡಗಿತು. ಇನ್ನೂರ ಐವತ್ತು ಕೆಲ್ವಿನ್. ಇನ್ನೂರು. ನೂರ ಎಂಬತ್ತು. ಗೆರೆ ಹಳೆಯ ಮೂರು ಅಳತೆಗಳ ಮೇಲೆಯೇ ಕೂತುಕೊಂಡು ಬರುತ್ತಿತ್ತು. ನೂರ ಅರವತ್ತಾದರೂ ಏನೂ ಆಗಲಿಲ್ಲ.

"ನೋಡ್ರಿ," ಎಂದ ಶಿವಪುತ್ರ. ತುಟಿ ಒಣಗಿತ್ತು. "ಹಿಡಕೊಂಡೈತಿ. ನಿಮ್ಮ ತಂತಿ ಬಿಡಂಗಿಲ್ಲ ಅಕ್ಕಾ. ಸುಳ್ಳೇ ಹೆದರ್ಸಿದ್ರಿ."

ವಿನೋದಿನಿಯೂ ಅದನ್ನೇ ಬೇಡಿಕೊಳ್ಳುತ್ತಿದ್ದಳು. ತನ್ನ ಕೆಟ್ಟ ಕೆಲಸವೂ ಗಟ್ಟಿಯಾಗಿರಲಿ ಎಂದು. ನೂರ ಐವತ್ತಾರು. ನೂರ ಐವತ್ತೈದು. ಗೆರೆ ಒಮ್ಮೆ ನಡುಗಿತು. ನೂರ ಐವತ್ತೆರಡೂವರೆಯಲ್ಲಿ ನೆಟ್ಟಗೆ ಸೊನ್ನೆಗೆ ಬಿತ್ತು.

ಶಿವಪುತ್ರ ಕುರ್ಚಿಯಿಂದ ಅರ್ಧ ಎದ್ದ. ಅವತ್ತಿನ ಹಾಗೆಯೇ, ಮೈಗೆ ಅದೊಂದೇ ಗೊತ್ತಿದ್ದ ಹಾಗೆ. ಬಾಯಿ ಕೂಡ ತೆರೆದಿತ್ತು. ಆಮೇಲೆ ಮೆಲ್ಲಗೆ ಕೂತ.

"ಅದಲಬದಲ ಮಾಡ್ರಿ," ಎಂದ.

ಅವಳು ಪೆಟ್ಟಿಗೆಯ ಮುಂದೆ ನಿಂತು ಒಳತಂತಿಗಳನ್ನು ಹೊರಗೂ ಹೊರತಂತಿಗಳನ್ನು ಒಳಗೂ ಸಿಕ್ಕಿಸಿದಳು. ಗುಂಡಿ ಒತ್ತಿದ ಕೂಡಲೇ ಉಪಕರಣ ಕೀರಲಾಗಿ ಕೂಗಿತು, ಕೆಂಪು ದೀಪ ಹತ್ತಿತು. ವಿದ್ಯುತ್ತು ಹೋಗಲು ದಾರಿಯೇ ಇಲ್ಲ. ತಂತಿ ಬಿಟ್ಟಿದೆ. ಮೂರು ತಾಪಮಾನ, ಮುಕ್ಕಾಲು ಗಂಟೆ, ಯಾವುದೂ ಬೇಕಾಗಿರಲಿಲ್ಲ. ಎರಡು ನಿಮಿಷ ಸಾಕಾಗಿತ್ತು. ಅವತ್ತು ಅವಳು ಪೆನ್ನಿಗಾಗಿ ಬ್ಯಾಗು ತಡಕಾಡಿದ್ದೇ ಅಷ್ಟು ಹೊತ್ತು.

ಶಿವಪುತ್ರ ಹೊಸ ಗೆರೆಯನ್ನು ಪ್ರಿಂಟು ತೆಗೆದ. ಥೀಸಿಸ್ಸಿನ ನಾಲ್ಕನೆಯ ಅಧ್ಯಾಯದಿಂದ ಹಳೆಯದನ್ನು ಎಳೆದು, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಮಳೆಯ ಮಂಕು ಬೆಳಕಿನಲ್ಲಿ ಎರಡು ಗೆರೆಗಳೂ ಒಂದೇ ಕಡೆ ಬೀಳುತ್ತಿದ್ದವು. ಅವನು ಹಾಳೆಗಳನ್ನು ತುಸು ಆಚೆ ಸರಿಸಿದ, ಈಚೆ ಸರಿಸಿದ. ಎಲ್ಲಾದರೂ ಬೇರೆಯಾಗುತ್ತವೆಯೇ ಎಂದು ಬಹಳ ಹೊತ್ತು ನೋಡಿದ.

ಆಮೇಲೆ ಹಿತೇಶ್ ಸರ್‌ಗೆ ಫೋನ್ ಮಾಡಿ ಹಿಂದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಥೀಸಿಸ್ ಮತ್ ದೇನಾ," ಕೊಡಬೇಡ, ಎಂದರಂತೆ ಕೊನೆಗೆ. ವಿನೋದಿನಿಯ ಬಗ್ಗೆ ಏನೂ ಕೇಳಲಿಲ್ಲವಂತೆ.

"ನಿಂಗೆ ಇನ್ನೆಂತಾದ್ರೂ ದಾರಿ..." ಎಂದು ಅವಳು ಶುರು ಮಾಡಿದಳು.

"ಇಲ್ರಿ."

ಅವನು ಜಪಾನಿಗೂ ಜರ್ಮನಿಗೂ ಧಾರವಾಡಕ್ಕೂ ಒಂದೇ ಮೇಲ್ ಬರೆದ. ಅದರಲ್ಲಿ ಅವಳ ಹೆಸರಿರಲಿಲ್ಲ. 'ನಮ್ಮ ಪ್ರಯೋಗಾಲಯದ ತಪ್ಪು' ಎಂದಿತ್ತು. ಎರಡು ಗೆರೆಗಳನ್ನೂ ಲಗತ್ತಿಸಿ ಕಳಿಸಿದ. ಹದಿನೈದು ನಿಮಿಷದೊಳಗೆ ಜಪಾನಿನಿಂದ ಉತ್ತರ ಬಂತು. ಒಂದೇ ಸಾಲು. ಅವನು ಓದಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

'ಹಾಗಾದರೆ ನಮ್ಮ ಇನ್ನೂರ ಹನ್ನೆರಡು ಹರಳುಗಳಲ್ಲಿ ಯಾವ ಕೊರತೆಯೂ ಇರಲಿಲ್ಲ ಅಲ್ಲವೇ?'

ಶಿವಪುತ್ರ 'ಇರಲಿಲ್ಲ' ಎಂದು ಟೈಪು ಮಾಡಿ, ಅಳಿಸಿ, ಮತ್ತೆ ಅದನ್ನೇ ಟೈಪು ಮಾಡಿ ಕಳಿಸಿದ.

ಹೊರಗೆ ಮೋನಪ್ಪ ಯಾರೊಂದಿಗೋ ತುಳುವಿನಲ್ಲಿ ಮಾತಾಡುತ್ತ ಶಟರ್ ಎಳೆಯುತ್ತಿದ್ದ. ಒಂದೂವರೆಯಾಗಿತ್ತು. ಶಿವಪುತ್ರ ಲಾಗ್‌ಬುಕ್ ತೆರೆದು ಹೊಸ ಸಾಲು ಬರೆದ. ಹರಳಿನ ಸಂಖ್ಯೆ ನಲವತ್ತು, ತಾರೀಕು, ತಂತಿ ಅಂಟಿಸಿದವರು, ಅಳತೆ ಮಾಡಿದವರು, ಕಂಡದ್ದು. ಐದು ಕಾಲಮ್ಮುಗಳನ್ನೂ ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ, ಪರೀಕ್ಷೆ ಬರೆಯುವವರಂತೆ ತುಂಬಿದ. ಪುಸ್ತಕವನ್ನು ಅವಳ ಕಡೆ ನೂಕಿ, ಪೆನ್ನನ್ನು ಅದರ ಮೇಲಿಟ್ಟ.

"ಆರನೇದು ಖಾಲಿ ಐತ್ರಿ."

ಅಕ್ಕಾ ಎನ್ನಲಿಲ್ಲ.

ವಿನೋದಿನಿ ಗುರುತು ಹಾಕಿ ಪಕ್ಕದಲ್ಲಿ ತನ್ನ ಅಕ್ಷರ ಬರೆದಳು. ಇದೂ ಅಕ್ಕಿಕಾಳಿಗಿಂತ ಸಣ್ಣದು, ಇದೂ ನೀಲಿ. ಪುಟ ಹಿಂದಕ್ಕೆ ತಿರುಗಿಸಿ ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಶಿವಪುತ್ರ ಥೀಸಿಸ್ಸಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬಾಗಿಲ ಹತ್ತಿರ ನಿಂತಿದ್ದ.